ಸ್ಪೈಸ್ ಗರ್ಲ್ಸ್ 'ಗ್ರೇಟೆಸ್ಟ್ ಹಿಟ್ಸ್' ಸಿಡಿ: ಕೊಳ್ಳಿ, ಆದರೆ ಮೊದಲು ಕೊನೆಯ ಹಾಡು ಹಾಕಿ ನೋಡಿ

ಈಗ ಓದಲು ಬಂದವರಿಗೂ ವಿಷಯ ತಿಳಿಯಲಿ ಅಂತ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಬಿಡುತ್ತೇನೆ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ನಿಮಗೆ ಬ್ರಿಟನ್ನಿನ ಐದು ಹುಡುಗಿಯರ ಪಾಪ್ ತಂಡ ಸ್ಪೈಸ್ ಗರ್ಲ್ಸ್‌ನ 2007ರ 'ಗ್ರೇಟೆಸ್ಟ್ ಹಿಟ್ಸ್' ಸಿಡಿ ಕಣ್ಣಿಗೆ ಬಿದ್ದಿದೆ. ವ್ಯಾಪಾರಿ ಮುಂದಿನ ವಾರದವರೆಗೆ ಎತ್ತಿಡುತ್ತೇನೆ ಅಂದಿದ್ದಾರೆ. ಮಗಳು ಗೆಳತಿಯರ ಜೊತೆ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯಲು ಹಾಡು ಹುಡುಕುತ್ತಿದ್ದಾಳೆ. ನಮ್ಮ ಗುಂಪಿನ ಇನ್ನೊಬ್ಬರು, 'ಹಿಟ್ಸ್ ಸಂಗ್ರಹ ಅಂದರೆ ಕಂಪನಿ ಹಳೇ ಸರಕನ್ನು ಮತ್ತೆ ಮಾರುವುದು. ಮೊದಲ ಆಲ್ಬಮ್ ಕೊಳ್ಳಿ, ಸಾಕು' ಎಂದಿದ್ದಾರೆ.

ನನ್ನ ಉತ್ತರ: ಸಿಡಿ ಚೆನ್ನಾಗಿದ್ದರೆ ಕೊಳ್ಳಿ. ಆ ಸದಸ್ಯರ ಮಾತು ಬಹಳಷ್ಟು ರಾಕ್ ತಂಡಗಳಿಗೆ ಸರಿ. ಅಲ್ಲಿ ಆಲ್ಬಮ್ ಅನ್ನುವುದು ಮೊದಲಿಂದ ಕೊನೆಯವರೆಗೆ ಒಂದೇ ಕಟ್ಟಡ, ಅದರಿಂದ ನಾಲ್ಕು ಇಟ್ಟಿಗೆ ಕಿತ್ತು ತಂದರೆ ಏನೂ ಗೊತ್ತಾಗುವುದಿಲ್ಲ. ಸ್ಪೈಸ್ ಗರ್ಲ್ಸ್ ವಿಷಯ ಬೇರೆ. ಇವರ ಒಳ್ಳೆಯ ಕೆಲಸವೆಲ್ಲ ಸಿಂಗಲ್‌ಗಳಲ್ಲಿ, ಅಂದರೆ ಆಲ್ಬಮ್‌ನಿಂದ ಬೇರೆಯಾಗಿ ಮಾರಾಟಕ್ಕೆ ಬಿಟ್ಟ ಬಿಡಿ ಹಾಡುಗಳಲ್ಲಿದೆ. ಇವರ ಮೊದಲ ಆಲ್ಬಮ್ 'ಸ್ಪೈಸ್'ನಲ್ಲಿ ಹತ್ತು ಹಾಡು, ಅದರಲ್ಲಿ ಐದು ಸಿಂಗಲ್ ಆಗಿ ಬಂದವು. ಆ ಐದೂ ಈ ಸಿಡಿಯಲ್ಲಿವೆ. ಉಳಿದ ಐದನ್ನು ನಾನು ಕೇಳಿದ್ದೇನೆ, ಕೆಟ್ಟದ್ದಲ್ಲ, ಆದರೆ ಅವುಗಳಿಗಾಗಿ ಇನ್ನೊಂದು ಸಿಡಿ ಹುಡುಕಿಕೊಂಡು ಅಲೆಯಬೇಕಿಲ್ಲ.

ಲೆಕ್ಕ ಹೀಗೆ. 1996ರಿಂದ 2000ದವರೆಗೆ ಇವರು ಬ್ರಿಟನ್ನಿನಲ್ಲಿ ಹತ್ತು ಸಿಂಗಲ್ ಬಿಟ್ಟರು. ಅದರಲ್ಲಿ ಒಂಬತ್ತು ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದವು. ಎರಡು ಸಿಂಗಲ್‌ಗಳಲ್ಲಿ ಎರಡೆರಡು ಮುಖ್ಯ ಹಾಡು ಇದ್ದದ್ದರಿಂದ ಒಟ್ಟು ಹನ್ನೆರಡು ಹಾಡು. ಹನ್ನೆರಡೂ ಇಲ್ಲಿವೆ. ಅವುಗಳ ಜೊತೆಗೆ ಪೆಪ್ಸಿ ಜಾಹೀರಾತಿನಲ್ಲಿ ಬಂದ 'ಮೂವ್ ಓವರ್', ಮತ್ತೆ 2007ರಲ್ಲಿ ಹೊಸದಾಗಿ ಹೊರಬಂದ ಎರಡು ಹಾಡು. ಒಟ್ಟು ಹದಿನೈದು, ಸುಮಾರು ಒಂದು ಗಂಟೆ. ಯಾವುದನ್ನೂ ಬಿಟ್ಟಿಲ್ಲ, ಯಾವುದನ್ನೂ ರೀಮಿಕ್ಸ್ ಮಾಡಿ ಕೆಡಿಸಿಲ್ಲ. ಹಿಟ್ಸ್ ಸಂಗ್ರಹದಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ. ಎಷ್ಟೋ ತಂಡಗಳ ಸಂಗ್ರಹದಲ್ಲಿ ನಮಗೆ ಬೇಕಾದ ಒಂದು ಹಾಡು ಮಾತ್ರ ಇರುವುದಿಲ್ಲ ಅಲ್ವಾ.

ಈಗ ಹಾಡುಗಳಿಗೆ ಬರೋಣ. 'ವನ್ನಬಿ' ಎಲ್ಲರಿಗೂ ಗೊತ್ತು. ಒಂದು ನಗುವಿನಿಂದ ಶುರುವಾಗಿ ಮೂರು ನಿಮಿಷದೊಳಗೆ ಮುಗಿಯುತ್ತದೆ. ಕಂಪನಿಯವರಿಗೆ ಬೇರೆ ಹಾಡು ಮೊದಲು ಬರಲಿ ಅಂತ ಇತ್ತು. ಹುಡುಗಿಯರು ಪಟ್ಟು ಹಿಡಿದು ಇದನ್ನೇ 1996ರ ಜುಲೈನಲ್ಲಿ ಬಿಡಿಸಿದರು. ಏಳು ವಾರ ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಮುಂದಿನ ವರ್ಷ ಅಮೆರಿಕದಲ್ಲಿ ನಾಲ್ಕು ವಾರ. ಅಷ್ಟು ಸಲ ಕೇಳಿದ ಹಾಡಾದ್ದರಿಂದ ಅದರೊಳಗಿನ ಕೆಲಸ ನಮ್ಮ ಗಮನಕ್ಕೆ ಬರುವುದಿಲ್ಲ. ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಯಾರು ಯಾವ ಸಾಲು ಹಾಡುತ್ತಾರೆ ಅಂತ ಮಾತ್ರ ಗಮನಿಸಿ. ಮೆಲ್ ಬಿ ಮತ್ತು ಜೆರಿ ಜಗಳ ಆಡುವ ಹಾಗೆ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಾರೆ. ಜೆರಿ ಹಾಡುವುದಕ್ಕಿಂತ ಜಾಸ್ತಿ ಮಾತಾಡುತ್ತಾರೆ. ಎಮ್ಮಾ ಬಂದಾಗ ದನಿ ಮೆತ್ತಗಾಗುತ್ತದೆ. ವಿಕ್ಟೋರಿಯಾಗೆ ಈ ಹಾಡಿನಲ್ಲಿ ಒಂಟಿ ಸಾಲೇ ಇಲ್ಲ. ಐದೂ ದನಿಗಳು ಬೇರೆಬೇರೆಯಾಗಿ ಕೇಳಿಸುವುದೇ ಈ ತಂಡದ ಬಂಡವಾಳ. ಒಂದೇ ಅಚ್ಚಿನ ಐದು ಒಳ್ಳೆಯ ಗಾಯಕಿಯರನ್ನು ಸೇರಿಸಿದ್ದರೆ ಇದು ಆಗುತ್ತಿರಲಿಲ್ಲ.

ಆದರೆ ನನ್ನನ್ನು ಕೇಳಿದರೆ ಈ ಸಿಡಿಯ ಬೆಲೆ ಎರಡನೇ ಹಾಡಿನಿಂದಲೇ ಹುಟ್ಟುತ್ತದೆ. 'ಸೇ ಯೂಲ್ ಬಿ ದೇರ್'. ಮೇಲೆ ತೆಳ್ಳಗೆ ಎಳೆಯುವ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡಿನ ದನಿ, ಕೇಳಿಸುತ್ತದಲ್ಲ, ಅದು ಆ ಕಾಲದ ಕ್ಯಾಲಿಫೋರ್ನಿಯಾ ಹಿಪ್ ಹಾಪ್‌ನಿಂದ ಬಂದದ್ದು. ಅದರ ನಡುವೆ ದಿಢೀರಂತ ಒಂದು ಮೌತ್ ಆರ್ಗನ್ ಬರುತ್ತದೆ. ನುಡಿಸಿದವರು ಜಡ್ ಲ್ಯಾಂಡರ್, 1983ರಲ್ಲಿ ಇಂಗ್ಲೆಂಡಿನ ಕಲ್ಚರ್ ಕ್ಲಬ್ ತಂಡದ 'ಕರ್ಮ ಕಮೀಲಿಯನ್' ಹಾಡಿಗೆ ನುಡಿಸಿದವರೂ ಅವರೇ. ಅಮೆರಿಕದ ಬೀದಿಯ ಸದ್ದು, ಇಂಗ್ಲೆಂಡಿನ ಎಂಬತ್ತರ ದಶಕದ ಪಾಪ್, ಎರಡೂ ಒಂದೇ ಹಾಡಿನಲ್ಲಿ ಜಗಳವಿಲ್ಲದೆ ಕೂತಿವೆ. ಕೊನೆಯ ಒಂದು ನಿಮಿಷ ಮೆಲ್ ಸಿ ಮೇಲೆ ಏರಿ ಹಾಡುವುದನ್ನು ಕೇಳಿ. ತಂಡದಲ್ಲಿ ನಿಜವಾದ ಗಂಟಲು ಯಾರದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಅದೇ ರೀತಿ 'ಹೂ ಡು ಯು ಥಿಂಕ್ ಯು ಆರ್'. ಎಪ್ಪತ್ತರ ದಶಕದ ಡಿಸ್ಕೋವನ್ನು ಎತ್ತಿ ತಂದು ಕೊಳಲು, ಕಹಳೆ ಎಲ್ಲ ಹಾಕಿದ್ದಾರೆ ಅನ್ನಿಸುವಷ್ಟು ತುಂಬಿದ ಸದ್ದು. ಇದರ ಬಾಸ್ ಮನೆಯ ಸಣ್ಣ ಬ್ಲೂಟೂತ್ ಡಬ್ಬಿಯಲ್ಲಿ ಪೂರ್ತಿ ಸತ್ತುಹೋಗುತ್ತದೆ. ನಿಮ್ಮ ಹತ್ತಿರ ಹಳೆಯ ಆಂಪ್ಲಿಫೈಯರ್, ದೊಡ್ಡ ಸ್ಪೀಕರ್ ಇವೆ ಅಂತ ಹಿಂದೆ ಬರೆದಿದ್ದಿರಿ. ಸಿಡಿ ತಂದ ಮೇಲೆ ಮೊದಲು ಈ ಹಾಡನ್ನು ಅದರಲ್ಲಿ ಹಾಕಿ. ಜೊತೆಗೇ ಬಂದ 'ಮಾಮಾ' ಅಮ್ಮನ ಬಗ್ಗೆ, ಕೊನೆಗೆ ದೊಡ್ಡ ಕೋರಸ್ ಸೇರಿಕೊಳ್ಳುತ್ತದೆ. ಚೆನ್ನಾಗಿದೆ, ಆದರೆ ಉದ್ದ ಜಾಸ್ತಿ.

ಈ ಹಾಡುಗಳು ಬೆಂಗಳೂರಿಗೆ ಬಂದ ಕಾಲವನ್ನು ನೆನಪಿಸಿಕೊಳ್ಳಿ. 'ಸ್ಪೈಸ್' ಬ್ರಿಟನ್ನಿನಲ್ಲಿ ಬಂದದ್ದು 1996ರ ನವೆಂಬರ್. ಅದೇ ತಿಂಗಳು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ ನಡೆಯಿತು, ಅದರ ವಿರುದ್ಧ ಊರ ತುಂಬ ಪ್ರತಿಭಟನೆಯೂ ನಡೆಯಿತು. ಹುಡುಗಿಯರು ಹೇಗಿರಬೇಕು, ಏನು ಹಾಕಿಕೊಳ್ಳಬೇಕು ಅಂತ ಎಲ್ಲರೂ ಮಾತಾಡುತ್ತಿದ್ದ ಹೊತ್ತಿಗೆ ಕೇಬಲ್ ಟಿವಿಯಲ್ಲಿ ಈ ಐದು ಜನ ಬಂದು ಕಿರುಚಾಡಿದರು. ಆಮೇಲೆ ಕ್ಯಾಸೆಟ್ ಅಂಗಡಿಗಳಲ್ಲಿ ಹಂಸಲೇಖ, ವಿ. ಮನೋಹರ್ ಅವರ ಕ್ಯಾಸೆಟ್‌ಗಳ ಪಕ್ಕದಲ್ಲೇ ಇವರದ್ದೂ ಬಂತು. ಆಗ ಕಾಲೇಜಿನಲ್ಲಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ 'ವನ್ನಬಿ'ಯ 'ಗೆಳತಿಯರೇ ಮೊದಲು' ಅನ್ನುವ ಮಾತು ಬರೀ ಘೋಷಣೆ ಆಗಿರಲಿಲ್ಲ. ನನಗೂ ಆಗಿರಲಿಲ್ಲ.

ಮುಂದೆ 1997ರ ಎರಡನೇ ಆಲ್ಬಮ್ 'ಸ್ಪೈಸ್‌ವರ್ಲ್ಡ್'ನ ಹಾಡುಗಳು ಬರುತ್ತವೆ. 'ಸ್ಪೈಸ್ ಅಪ್ ಯುವರ್ ಲೈಫ್' ಲ್ಯಾಟಿನ್ ತಾಳದಲ್ಲಿ ಒಂದೇ ಸಮನೆ ಓಡುತ್ತದೆ, ಕೇಳುವುದಕ್ಕಿಂತ ಕುಣಿಯಲು ಒಳ್ಳೆಯದು. 'ಟೂ ಮಚ್' ನಿಧಾನದ್ದು, ಹಳೆಯ ಅಮೆರಿಕನ್ ಗುಂಪುಗಾನದ ಶೈಲಿ. 'ಸ್ಟಾಪ್' ಮಾತ್ರ ನನ್ನ ಪ್ರಕಾರ ಇವರ ಅತ್ಯಂತ ಅಚ್ಚುಕಟ್ಟಾದ ಹಾಡು. ಅರವತ್ತರ ದಶಕದ ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳ ರೀತಿ, ಅಲ್ಲಿನ ಹುಡುಗಿಯರ ತಂಡ ಸುಪ್ರೀಮ್ಸ್ ಕಾಲದ ಲಯ, ಎಲ್ಲೂ ಒಂದು ಸ್ವರ ಜಾಸ್ತಿ ಇಲ್ಲ. ಮೊದಲ ಆರು ಸಿಂಗಲ್‌ಗಳು ಸಾಲಾಗಿ ಮೊದಲ ಸ್ಥಾನಕ್ಕೆ ಹೋಗಿದ್ದವು. 1998ರ ಮಾರ್ಚ್‌ನಲ್ಲಿ ಈ ಹಾಡು ಎರಡನೇ ಸ್ಥಾನದಲ್ಲಿ ನಿಂತು ಆ ಸಾಲು ಮುರಿಯಿತು. ಆ ಹತ್ತು ಸಿಂಗಲ್‌ಗಳಲ್ಲಿ ಪಟ್ಟಿಯಲ್ಲಿ ಸೋತ ಒಂದೇ ಹಾಡು, ಕೇಳಲು ಎಲ್ಲಕ್ಕಿಂತ ಚೆನ್ನಾಗಿರುವ ಹಾಡು. ಪಟ್ಟಿ ನೋಡಿ ಸಂಗ್ರಹ ಮಾಡುವವರು ಇದನ್ನು ಗಮನಿಸಬೇಕು.

ಹತ್ತನೇ ಹಾಡು 'ವೀವಾ ಫಾರೆವರ್'. ಸ್ಪ್ಯಾನಿಷ್ ಗಿಟಾರ್, ಮೇಲೆ ತಂತಿವಾದ್ಯಗಳು, ಹಾಡುಗಾರಿಕೆಯಲ್ಲಿ ಯಾರಿಗೂ ಅವಸರವಿಲ್ಲ. 1998ರ ಮೇ ಕೊನೆಗೆ ಜೆರಿ ತಂಡ ಬಿಟ್ಟರು, ಜುಲೈನಲ್ಲಿ ಈ ಸಿಂಗಲ್ ಬಂತು. ಹಾಡು ಬರೆದದ್ದು ಅದಕ್ಕೂ ಮೊದಲು, ಆದರೆ ಆಗ ಕೇಳಿದವರಿಗೆಲ್ಲ ಇದು ವಿದಾಯದ ಹಾಡಾಗಿಯೇ ಕೇಳಿಸಿತು. ಈಗಲೂ ಹಾಗೇ ಕೇಳಿಸುತ್ತದೆ.

ಇಲ್ಲಿಂದ ಮುಂದೆ ಸಿಡಿ ಸ್ವಲ್ಪ ಇಳಿಯುತ್ತದೆ, ಅದನ್ನೂ ಹೇಳಬೇಕು. 'ಲೆಟ್ ಲವ್ ಲೀಡ್ ದ ವೇ' ಮತ್ತು 'ಹಾಲರ್' 2000ದ ಹಾಡುಗಳು, ನಾಲ್ಕೇ ಜನ. ನಿರ್ಮಾಪಕ ರಾಡ್ನಿ ಜರ್ಕಿನ್ಸ್. ಡೆಸ್ಟಿನೀಸ್ ಚೈಲ್ಡ್ ತಂಡಕ್ಕೆ ದೊಡ್ಡ ಹಿಟ್ ಕೊಟ್ಟ ಅಮೆರಿಕನ್. ಕೆಲಸ ನುಣುಪಾಗಿದೆ, ಆದರೆ ದನಿಗಳ ಜಗಳ ಹೋಗಿಬಿಟ್ಟಿದೆ. ಯಾರು ಹಾಡುತ್ತಿದ್ದಾರೆ ಅಂತ ಗುರುತಿಸಲು ಕಷ್ಟವಾಗುತ್ತದೆ. ಜೆರಿ ಅಂಥಾ ಗಾಯಕಿ ಅಲ್ಲ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಆದರೆ ಒಂದೇ ಸಿಡಿಯಲ್ಲಿ ಹಿಂದೆ ಮುಂದೆ ಕೇಳಿದಾಗ ಅವರು ಇಲ್ಲದ ಜಾಗ ಖಾಲಿ ಕಾಣುತ್ತದೆ. ಮೂರು ಆಲ್ಬಮ್ ಬೇರೆಬೇರೆ ಕೇಳಿದರೆ ಇದು ಇಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ. ಹಿಟ್ಸ್ ಸಂಗ್ರಹವನ್ನು ನಾನು ಸಮರ್ಥಿಸುವುದು ಮುಖ್ಯವಾಗಿ ಈ ಕಾರಣಕ್ಕೆ.

2007ರ ಎರಡು ಹಾಡುಗಳಲ್ಲಿ 'ಹೆಡ್‌ಲೈನ್ಸ್' ಐವರೂ ಮತ್ತೆ ಸೇರಿ ಹಾಡಿದ್ದು, ಹಿತವಾಗಿದೆ, ನೆನಪಿನಲ್ಲಿ ಉಳಿಯುವುದಿಲ್ಲ. 'ವೂಡೂ' ಬಿಟ್ಟರೂ ನಷ್ಟವಿಲ್ಲ. ಕೊನೆಗೆ ಕಾಲಕ್ರಮ ಮುರಿದು 1998ರ 'ಗುಡ್‌ಬೈ' ಇಟ್ಟಿದ್ದಾರೆ. ಸಾಲಾಗಿ ಮೂರನೇ ಕ್ರಿಸ್‌ಮಸ್‌ಗೆ ಇವರನ್ನು ಮೊದಲ ಸ್ಥಾನದಲ್ಲಿ ಇಟ್ಟ ಹಾಡು ಅದು. ಅದನ್ನು ಕೊನೆಗೆ ಇಟ್ಟದ್ದು ಸರಿಯಾದ ತೀರ್ಮಾನ. ಸಿಡಿ ಸಪ್ಪೆಯಾಗಿ ಮುಗಿಯುವುದು ತಪ್ಪಿತು.

ಈಗ ಸಂತೆಯಲ್ಲಿ ಏನು ನೋಡಬೇಕು. ಮೊದಲು ಸಿಡಿ ತಿರುಗಿಸಿ. ಕೆಳಭಾಗ ಬೆಳ್ಳಿ ಬಣ್ಣವಿದ್ದರೆ ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು. ಹಸಿರು ಅಥವಾ ನೀಲಿ ಛಾಯೆ ಇದ್ದರೆ ಯಾರೋ ಮನೆಯಲ್ಲಿ ಬರೆದ ಪ್ರತಿ, ಕವರ್ ಎಷ್ಟೇ ಚೆನ್ನಾಗಿದ್ದರೂ ಬೇಡ. ಆಮೇಲೆ ಬಿಸಿಲಿಗೆ ಹಿಡಿದು ನೋಡಿ, ಸೂಜಿಮೊನೆಯಷ್ಟು ಬೆಳಕು ತೂರಿಬಂದರೆ ಒಳಗಿನ ಲೋಹದ ಪದರ ಹೋಗಿದೆ ಅಂತ ಅರ್ಥ. ಆ ಪದರ ಇರುವುದು ಹೆಸರು ಮುದ್ರಿಸಿದ ಮೇಲ್ಭಾಗದ ಹತ್ತಿರ. ಹಾಗಾಗಿ ಮೇಲಿನ ಗೀರು ಕೆಳಗಿನ ಗೀರಿಗಿಂತ ಅಪಾಯ. ಕೆಳಭಾಗದಲ್ಲಿ ನಡುವಿನಿಂದ ಅಂಚಿಗೆ ನೇರ ಹೋಗುವ ಗೀರನ್ನು ಪ್ಲೇಯರ್ ಹೇಗೋ ಸಂಭಾಳಿಸುತ್ತದೆ, ಸುತ್ತಲೂ ವೃತ್ತದಂತೆ ಹೋಗುವ ಗೀರನ್ನು ಸಂಭಾಳಿಸುವುದು ಕಷ್ಟ. ಒರೆಸುವಾಗಲೂ ಅದಕ್ಕೇ ನಡುವಿನಿಂದ ಹೊರಕ್ಕೆ ಒರೆಸಬೇಕು, ಸುತ್ತಿ ಒರೆಸಬಾರದು.

ಸಿಡಿ ಓದುವುದು ಒಳಗಿನಿಂದ ಹೊರಕ್ಕೆ. ಜನ ಕೈ ಇಡುವುದು ಹೊರ ಅಂಚಿನಲ್ಲಿ. ಆದ್ದರಿಂದ ವ್ಯಾಪಾರಿಯ ಹತ್ತಿರ ಪ್ಲೇಯರ್ ಇದ್ದರೆ 'ವನ್ನಬಿ' ಹಾಕಿಸಿ ಸಮಾಧಾನ ಪಡಬೇಡಿ, ಹದಿನೈದನೇ ಹಾಡು ಹಾಕಿಸಿ. ಅದು ತೊಡರದೆ ಓಡಿದರೆ ಬಹುತೇಕ ಎಲ್ಲವೂ ಓಡುತ್ತದೆ. ವಿಡಿಯೊಗಳ ಡಿವಿಡಿ ಸೇರಿಸಿದ ಆವೃತ್ತಿಯೂ ಬಂದಿತ್ತು. ಕವರ್‌ನಲ್ಲಿ ಡಿವಿಡಿ ಅಂತ ಬರೆದಿದ್ದರೆ ಒಳಗೆ ಎರಡೂ ತಟ್ಟೆ ಇವೆಯಾ ನೋಡಿ, ಇಲ್ಲದಿದ್ದರೆ ಅದನ್ನೇ ಹೇಳಿ ಬೆಲೆ ಇಳಿಸಿ.

ಮಗಳ ವಿಷಯ. 'ಟು ಬಿಕಮ್ ವನ್' ಮತ್ತು 'ಹಾಲರ್' ದೊಡ್ಡವರ ಹಾಡುಗಳು, ಶಾಲೆಯ ವೇದಿಕೆಗೆ ಬೇಡ. ಸಮಯ ಮೂರು ನಿಮಿಷ ಕೊಟ್ಟಿದ್ದರೆ 'ಸ್ಪೈಸ್ ಅಪ್ ಯುವರ್ ಲೈಫ್' ಕತ್ತರಿಸದೆ ಹಿಡಿಸುತ್ತದೆ, 'ವನ್ನಬಿ'ಯೂ ಹಿಡಿಸುತ್ತದೆ. ಆದರೆ ನಾನಾದರೆ 'ಸ್ಟಾಪ್' ಆರಿಸುತ್ತೇನೆ. ಅದರ ಕೈಸನ್ನೆಗಳು ಸುಲಭ, ಹಿಂದಿನ ಸಾಲಿನ ಮಕ್ಕಳಿಗೂ ಬರುತ್ತವೆ, ಲಯ ಎಲ್ಲೂ ಬದಲಾಗುವುದಿಲ್ಲ. ಮೂರೂವರೆ ನಿಮಿಷಕ್ಕೆ ಸ್ವಲ್ಪ ಕಮ್ಮಿ ಇದೆ, ಕೊನೆಯಲ್ಲಿ ಪಲ್ಲವಿ ಮತ್ತೆ ಬರುವಾಗ ಒಂದು ಸಲದ್ದನ್ನು ತೆಗೆದರೆ ಸರಿಹೋಗುತ್ತದೆ. ಕತ್ತರಿಸುವಾಗ ತಾಳದ ಮೊದಲ ಪೆಟ್ಟಿನ ಮೇಲೆ ಕತ್ತರಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೊಡಬೇಡಿ, ಸಿಡಿಯಿಂದ ಕಂಪ್ಯೂಟರ್‌ಗೆ ನೇರ ತೆಗೆದು ಪೆನ್‌ಡ್ರೈವ್‌ನಲ್ಲಿ ಹಾಕಿ, ಕಾರ್ಯಕ್ರಮದ ಹಿಂದಿನ ದಿನವೇ ಶಾಲೆಯ ಸೌಂಡ್ ವ್ಯವಸ್ಥೆಯಲ್ಲಿ ಒಮ್ಮೆ ಓಡಿಸಿ ನೋಡಿ. ಕಂಪ್ಯೂಟರ್‌ನಲ್ಲಿ ಸಿಡಿ ಡ್ರೈವ್ ಇಲ್ಲದಿದ್ದರೆ ಎಸ್.ಪಿ. ರಸ್ತೆಯಲ್ಲಿ ಯುಎಸ್‌ಬಿಗೆ ಸಿಕ್ಕಿಸುವಂಥದ್ದು ಸಿಗುತ್ತದೆ, ತಂದ ಮೇಲೆ ಬೇರೆ ಸಿಡಿಗಳಿಗೂ ಆಗುತ್ತದೆ.