ನುಗ್ಗೆ ಮರದ ಕಂಬಳಿಹುಳ: ಸತ್ತ ಹುಳವೂ ಚುಚ್ಚುತ್ತದೆ

ಹಿತ್ತಲ ನುಗ್ಗೆ ಮರದ ಕಾಂಡಕ್ಕೆ ಕಂಬಳಿ ಹೊದಿಸಿದ ಹಾಗೆ ಹುಳ ಕೂತಿದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಬೆಂಕಿ ಹಿಡಿಯಲೋ, ವಿಷ ಹೊಡೆಯಲೋ, ಮರವನ್ನೇ ಕಡಿಸಲೋ ಎಂದು ಕೇಳಿದ್ದೀರಿ. ಮೂರೂ ಬೇಡ. ಮೊದಲನೆಯದನ್ನು ನಾನು ಮಾಡಿದ್ದೇನೆ, ಆದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಳೆ ಹಿಡಿದ ಮೇಲೆ ಕಾಣಿಸಿಕೊಂಡಿತ್ತು. ಕವಲಿನ ಕೆಳಗೆ ಎರಡು ಅಂಗೈ ಅಗಲ, ಕಂದು ಬಣ್ಣ, ಒಂದರ ಮೈಮೇಲೆ ಇನ್ನೊಂದು. ಬಿದಿರು ಗಳದ ತುದಿಗೆ ಹಳೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ಪಂಜು ಮಾಡಿ ಹಿಡಿದೆ. ಎಲ್ಲರೂ ಹಾಗೇ ಮಾಡುತ್ತಾರೆ. ಮಟಮಟ ಮಧ್ಯಾಹ್ನ, ಒಣ ಬಿಸಿಲು. ಐದು ನಿಮಿಷದಲ್ಲಿ ಗುಂಪೆಲ್ಲ ಉದುರಿತು. ಹೇಗೂ ಸತ್ತಿವೆಯಲ್ಲ ಎಂದು ಪೊರಕೆ ತಂದು ಗುಡಿಸಿ, ರಾಶಿ ಮಾಡಿ, ಮೊರದಲ್ಲಿ ತುಂಬಿ ತಿಪ್ಪೆಗೆ ಸುರಿದೆ. ಸಂಜೆಯ ಹೊತ್ತಿಗೆ ನನ್ನ ಕುತ್ತಿಗೆ, ಮೊಣಕೈಯ ಒಳಮಡಿಕೆ, ಪ್ಯಾಂಟಿನ ಪಟ್ಟಿ ಕೂರುವ ಜಾಗವೆಲ್ಲ ಕೆಂಪಗೆ ದದ್ದು. ಹದಿನೈದು ಅಡಿ ಆಚೆ ತಂತಿಯ ಮೇಲೆ ಅಮ್ಮನ ಸೀರೆ ಒಣಗುತ್ತಿತ್ತು. ಹುಳವನ್ನು ಮುಟ್ಟದ ಅಮ್ಮನಿಗೆ ಮೈಯೆಲ್ಲ ತುರಿಕೆ, ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದಕ್ಕೆ ಒಂದು ಕಣ್ಣಿಗೂ ಹೋಯಿತು.

ತಪ್ಪು ಪಂಜು ಹಿಡಿದದ್ದಷ್ಟೇ ಅಲ್ಲ. ಸತ್ತ ಹುಳ ಏನೂ ಮಾಡದು ಎಂದುಕೊಂಡೆನಲ್ಲ, ಅದು ಬುಡದ ತಪ್ಪು. ಚೇಳು ಕುಟುಕುವ ಹಾಗೆ ಕಂಬಳಿಹುಳ ತಾನಾಗಿ ಚುಚ್ಚುವುದಿಲ್ಲ. ಚುಚ್ಚುವುದು ಅದರ ಕೂದಲು, ಮತ್ತು ಕೂದಲಿಗೆ ಜೀವ ಬೇಕಿಲ್ಲ. ಬುಡದಲ್ಲಿ ಸಡಿಲ, ತುದಿ ಚೂಪು, ಗಾಳಿಗೆ ಹಾರುವಷ್ಟು ಹಗುರ. ಹುಳ ಸತ್ತಿರಲಿ, ಒಣಗಿರಲಿ, ಕಾಲಡಿ ಸಿಕ್ಕಿ ಪುಡಿಯಾಗಿರಲಿ, ಕೂದಲು ಹಾಗೇ ಇರುತ್ತದೆ. ಬೆಂಕಿ ತಗುಲಿದ ಕೂದಲು ಸುಟ್ಟುಹೋಗುತ್ತದೆ ನಿಜ. ಆದರೆ ಗುಂಪಿನಲ್ಲಿ ಹೊರಗಿನ ಸಾಲು ಸುಡುವಷ್ಟರಲ್ಲಿ ಒಳಗಿನವು ಉದುರಿಬಿಡುತ್ತವೆ, ಪಂಜಿನ ಬಿಸಿಗಾಳಿ ಸಡಿಲ ಕೂದಲನ್ನು ಮೇಲಕ್ಕೆತ್ತಿ ಹರಡುತ್ತದೆ. ಅದರ ಮೇಲೆ ಒಣ ಪೊರಕೆ ಬಿತ್ತೆಂದರೆ ಮುಗಿಯಿತು. ಹಿಟ್ಟಿನ ಗಿರಣಿಯಲ್ಲಿ ಹಿಟ್ಟು ಹಾರುವ ಹಾಗೆ ಹಾರುತ್ತದೆ, ವ್ಯತ್ಯಾಸ ಏನೆಂದರೆ ಇದು ಕಣ್ಣಿಗೆ ಕಾಣುವುದಿಲ್ಲ.

ಹುಳ ಪೊರೆ ಕಳಚಿದ ಜಾಗ ನೋಡಿ. ಕಾಂಡದ ಮೇಲೆ ಬೂದುಗಂದು ಬಣ್ಣದ ಟೊಳ್ಳು ಚರ್ಮಗಳು ಒಂದಕ್ಕೊಂದು ಅಂಟಿ, ಹಳೆ ಹತ್ತಿಯ ಹಾಗೆ ತೂಗುತ್ತಿರುತ್ತವೆ. ಹುಳ ಹೊರಟುಹೋಗಿದೆ, ಚರ್ಮದ ಮೇಲೆ ಕೂದಲೆಲ್ಲ ಹಾಗೇ ಇದೆ. ಮಕ್ಕಳು ಮುಟ್ಟುವುದು ಇದನ್ನೇ, ಅಲ್ಲಾಡುವುದಿಲ್ಲವಲ್ಲ ಎಂದು. ಮುಂದೆ ಹುಳ ಮರದಿಂದಿಳಿದು ಬುಡದ ಮಣ್ಣಿನಲ್ಲಿ, ತರಗೆಲೆಯ ಅಡಿ ಗೂಡು ಕಟ್ಟುತ್ತದೆ. ಆ ಗೂಡಿನಲ್ಲೂ ರೇಷ್ಮೆಯ ಜೊತೆ ಅದೇ ಕೂದಲು. ಬೇಸಿಗೆಯಲ್ಲಿ ಆ ಮರಕ್ಕೆ ಬರಿಗೈಯಲ್ಲಿ ಪಾತಿ ಮಾಡಲು ಹೋಗಿ ನನಗೆ ಬೆರಳ ಸಂದಿಯಲ್ಲಿ ಎರಡನೇ ಸಲ ಎದ್ದಿತು. ಆಗ ಮರದ ಮೇಲೆ ಒಂದು ಹುಳವೂ ಇರಲಿಲ್ಲ.

ಪಂಜು ಮರಕ್ಕೂ ಒಳ್ಳೆಯದಲ್ಲ. ನುಗ್ಗೆಯ ತೊಗಟೆ ಮೆತ್ತಗೆ, ಒಳಗಿನ ಕಟ್ಟಿಗೆ ಇನ್ನೂ ಮೆತ್ತಗೆ. ಬೆಂದ ಕಡೆ ತೊಗಟೆ ಬಿರಿದು ಅಂಟು ಸೋರುತ್ತದೆ, ಮಳೆನೀರು ಇಳಿದು ಕೊಳೆಯುತ್ತದೆ, ಮುಂದಿನ ಜೋರು ಗಾಳಿಗೆ ಅಲ್ಲಿಗೇ ಮುರಿಯುತ್ತದೆ. ಪಂಜು ಹಿಡಿಯಿರಿ ಎಂಬ ಸಲಹೆ ಕೃಷಿ ಕೈಪಿಡಿಗಳಲ್ಲೂ ಇದೆ. ಊರಾಚೆಯ ತೋಟಕ್ಕೆ ಏನು ಸರಿಯೋ ನಾನು ವಾದ ಮಾಡುವುದಿಲ್ಲ. ಮಕ್ಕಳು ಆಡುವ ಹಿತ್ತಲಿಗೆ ಅದು ಖಂಡಿತ ಬೇಡ.

ಈಗ ಹುಳದ ದಿನಚರಿ ಸ್ವಲ್ಪ ತಿಳಿದುಕೊಳ್ಳಿ, ಕೆಲಸ ಅರ್ಧ ಹಗುರವಾಗುತ್ತದೆ. ನುಗ್ಗೆಯ ಈ ಹುಳದ ಶಾಸ್ತ್ರೀಯ ಹೆಸರು ಯೂಪ್ಟೆರೋಟೆ ಮಾಲಿಫೆರಾ. ಪತಂಗ ದೊಡ್ಡದು, ಹಳದಿಗಂದು, ರೆಕ್ಕೆಯ ಮೇಲೆ ಮಸುಕು ಗೆರೆ. ಮಳೆ ಬಿದ್ದ ಮೇಲೆ ಮಣ್ಣಿನಿಂದ ಏಳುತ್ತದೆ, ದೀಪಕ್ಕೆ ಬರುತ್ತದೆ, ಎಲೆ ಮತ್ತು ಎಳೆ ಕಡ್ಡಿಯ ಮೇಲೆ ಗುಂಪು ಗುಂಪಾಗಿ ಮೊಟ್ಟೆ ಇಡುತ್ತದೆ. ಮರಿಹುಳಗಳು ಒಟ್ಟಿಗೇ ಇದ್ದು ತೊಗಟೆ ಕೆರೆಯುತ್ತವೆ, ಎಲೆ ಮೇಯುತ್ತವೆ. ಬೆಳೆದವು ಹಗಲು ಕಾಂಡದ ಮೇಲೆ ಗುಂಪಾಗಿ ಮಲಗಿ, ರಾತ್ರಿ ಮೇಲೆ ಹತ್ತಿ ಮೇಯುತ್ತವೆ. ಈ ಗುಂಪು ಕಟ್ಟುವ ಬುದ್ಧಿಯೇ ನಮಗೆ ಅನುಕೂಲ. ಇಡೀ ಮರಕ್ಕೆ ಏನೂ ಹೊಡೆಯಬೇಕಿಲ್ಲ, ಎರಡು ಮೂರು ಅಂಗೈ ಅಗಲದ ಜಾಗದಲ್ಲಿ ಎಲ್ಲವೂ ಸಿಗುತ್ತವೆ. ಏಲಕ್ಕಿ ತೋಟದವರಿಗೆ ಇದು ಗೊತ್ತು. ಅಲ್ಲಿನ ಕಂಬಳಿಹುಳ ಇದೇ ಕುಲದ್ದು, ಹಗಲು ನೆರಳಿನ ಮರದ ಕಾಂಡದಲ್ಲಿ ಹೀಗೇ ಗುಂಪಾಗಿರುತ್ತದೆ, ಅಲ್ಲೇ ಹಿಡಿಯುತ್ತಾರೆ.

ಮಾಡಬೇಕಾದದ್ದು ಒಂದೇ: ಒದ್ದೆ ಮಾಡಿ ತೆಗೆಯುವುದು. ಒದ್ದೆ ಕೂದಲು ಹಾರುವುದಿಲ್ಲ. ಬೆಳಕು ಹರಿದ ಕೂಡಲೇ ಶುರು ಮಾಡಿ. ಆಗ ಹುಳ ಮೇಲಿಂದ ಇಳಿದು ಕೂತಿರುತ್ತದೆ, ಇಬ್ಬನಿ ಇರುತ್ತದೆ, ಗಾಳಿ ಎದ್ದಿರುವುದಿಲ್ಲ. ಹಿಂದಿನ ರಾತ್ರಿಯೇ ತಂತಿಯ ಮೇಲಿನ ಬಟ್ಟೆ ಒಳಗೆ ತನ್ನಿ, ಮರದ ಕಡೆಯ ಕಿಟಕಿ ಮುಚ್ಚಿ, ಬಾವಿ ತೊಟ್ಟಿ ಇದ್ದರೆ ಹೊದಿಸಿ. ಮೈಗೆ ಪ್ಲಾಸ್ಟಿಕ್ ರೈನ್‌ಕೋಟ್ ಒಳ್ಳೆಯದು, ನುಣುಪಾದ್ದರಿಂದ ಕೂದಲು ನಿಲ್ಲದೆ ಜಾರುತ್ತದೆ. ಸ್ವೆಟರ್, ಉಣ್ಣೆ ಟೋಪಿ, ಬಟ್ಟೆಯ ಗ್ಲೌಸ್ ಯಾವುದೂ ಬೇಡ, ಕೂದಲನ್ನು ಹಿಡಿದಿಟ್ಟು ಆಮೇಲೆ ನಿಮಗೇ ಕೊಡುತ್ತವೆ. ಪಾತ್ರೆ ತೊಳೆಯುವ ಉದ್ದ ರಬ್ಬರ್ ಗ್ಲೌಸ್ ಹಾಕಿ, ಅದರ ಬಾಯಿ ತೋಳಿನ ಮೇಲೆ ಬರುವಂತೆ. ಕನ್ನಡಕ, ಮಾಸ್ಕ್ ಇರಲೇಬೇಕು. ಕುತ್ತಿಗೆಗೆ ಟವೆಲ್ ಸುತ್ತಿ ಅದರ ಮೇಲೆ ಕೋಟಿನ ಗುಂಡಿ ಹಾಕಿ. ಗಾಳಿ ಬೆನ್ನಿಗೆ ಬರುವಂತೆ ನಿಲ್ಲಿ. ಗುಂಪಿನ ನೇರ ಕೆಳಗೆ ನಿಂತು ಮುಖ ಮೇಲೆತ್ತಬೇಡಿ.

ಅಗಲ ಬಾಯಿಯ ಬಕೆಟ್‌ನಲ್ಲಿ 10 ಲೀಟರ್ ನೀರಿಗೆ 100 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿಡಿ. ಇನ್ನೊಂದು 2 ಲೀಟರಿನ ಕೈಪಂಪಿನಲ್ಲಿ ಮೀನೆಣ್ಣೆ ರೋಸಿನ್ ಸೋಪು (ಗಿಡದ ಕೀಟಕ್ಕೆ ಹೊಡೆಯುವ ಸೋಪು) ಲೀಟರಿಗೆ 25 ಗ್ರಾಂ, ಅಂದರೆ 50 ಗ್ರಾಂ. ಅದು ಸಿಗದಿದ್ದರೆ ಅದೇ ಬಟ್ಟೆ ಸೋಪಿನ ನೀರು ಕಾಂಡಕ್ಕೆ ಮಾತ್ರ ಸಾಕು, ಎಲೆಗೆ ಬೇಡ. ಬರೀ ನೀರು ಸಾಲದು, ಒತ್ತಾದ ಕೂದಲಿನ ಮೇಲೆ ಹನಿ ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿಹೋಗುತ್ತದೆ. ಸೋಪು ಸೇರಿದರೆ ನೀರು ಕೂದಲ ನಡುವೆ ಇಳಿದು ಹುಳ ಉಸಿರಾಡುವ ರಂಧ್ರಗಳನ್ನು ಮುಚ್ಚುತ್ತದೆ. ಪಂಪಿನ ಮೂತಿಯನ್ನು ದಪ್ಪ ಹನಿಗೆ ತಿರುಗಿಸಿ. ನುಣ್ಣನೆ ಮಂಜಿನಂತೆ ಹೊಡೆದರೂ, ಪೈಪಿನಿಂದ ಜೋರಾಗಿ ಹಾಯಿಸಿದರೂ ಕೂದಲು ಸಿಡಿಯುತ್ತದೆ. ಹೊರಗಿನ ಅಂಚಿನಿಂದ ಶುರುಮಾಡಿ ಒಳಕ್ಕೆ, ಗುಂಪು ಪೂರ್ತಿ ತೊಯ್ದು ಬಣ್ಣ ಗಾಢವಾಗುವ ತನಕ. ಹತ್ತು ನಿಮಿಷ ಬಿಡಿ.

ಆಮೇಲೆ ಬಕೆಟ್ ಅನ್ನು ಕಾಂಡಕ್ಕೆ ಒತ್ತಿ ಹಿಡಿದು ಗಾರೆಯ ಕರಣೆಯಿಂದ ಮೇಲಿಂದ ಕೆಳಕ್ಕೆ ನಿಧಾನ ಕೆರೆಯಿರಿ, ಚರ್ಮ ಅಂಟಿರುವುದೂ ಬರಲಿ. ತೊಗಟೆ ಸುಲಿಯಬಾರದು. ಹೊರಗೆ ಬಿದ್ದದ್ದನ್ನು ಕರಣೆಯಲ್ಲೇ ಎತ್ತಿ ಹಾಕಿ, ಪೊರಕೆ ಮುಟ್ಟಬೇಡಿ. ಗುಂಪು ಏಣಿಗೆ ಮಾತ್ರ ಸಿಗುವ ಎತ್ತರದಲ್ಲಿದ್ದರೆ ಏಣಿ ಹತ್ತಬೇಡಿ, ನುಗ್ಗೆ ಕೊಂಬೆ ನಂಬುವಂಥದ್ದಲ್ಲ. ಕಾಂಡದ ಮೇಲೆ ಎದೆ ಎತ್ತರಕ್ಕೆ ಗೋಣಿಚೀಲವನ್ನು ಎರಡು ಸುತ್ತು ಸುತ್ತಿ ಸುತಲಿಯಿಂದ ಸಡಿಲ ಕಟ್ಟಿಡಿ. ಹಗಲು ಅಡಗಲು ಬರುವ ಹುಳಗಳಲ್ಲಿ ಹಲವು ಅದರ ಮಡಿಕೆಯಲ್ಲೇ ಕೂರುತ್ತವೆ. ಪ್ರತಿ ಬೆಳಿಗ್ಗೆ ಸೋಪಿನ ನೀರಲ್ಲಿ ತೋಯಿಸಿ ಬಿಚ್ಚಿ, ಬಕೆಟ್‌ಗೆ ಅದ್ದಿ.

ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು, ನೀರಿನ ಸಮೇತ ಒಂದೂವರೆ ಅಡಿ ಗುಂಡಿಗೆ ಸುರಿದು ಮಣ್ಣು ಮುಚ್ಚಿ ತುಳಿಯಿರಿ. ಸುಡಬೇಡಿ, ತಿಪ್ಪೆಗೆ ಹಾಕಬೇಡಿ. ತಿಪ್ಪೆಯಲ್ಲಿ ಅದು ಒಣಗುತ್ತದೆ, ಗೊಬ್ಬರ ಎತ್ತುವವರ ಕೈಗೆ ಬರುತ್ತದೆ. ಹಾಕಿಕೊಂಡ ಬಟ್ಟೆ ಮನೆಯವರ ಬಟ್ಟೆ ಜೊತೆ ಸೇರಿಸದೆ ಬಿಸಿನೀರಲ್ಲಿ ಎರಡು ಸಲ ಒಗೆಯಿರಿ. ಮೂರನೇ ದಿನ ಮತ್ತೆ ಮರ ನೋಡಿ, ಮೇಲೆ ಉಳಿದವು ಇಳಿದು ಹೊಸ ಗುಂಪು ಕಟ್ಟಿರುತ್ತವೆ.

ಮೈಗೆ ಕೂದಲು ತಗುಲಿದರೆ ಮೊದಲು ಉಜ್ಜದೆ ಇರುವುದು. ತುಂಬೆ ಸೊಪ್ಪು, ತುಳಸಿ, ಸುಣ್ಣ ಯಾವುದನ್ನು ತಿಕ್ಕಿದರೂ ಕೂದಲು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಸೊಪ್ಪಿನ ಮೇಲೆ ನನಗೆ ದ್ವೇಷವಿಲ್ಲ, ತಿಕ್ಕುವುದರ ಮೇಲೆ ಇದೆ. ಸೆಲ್ಲೋಟೇಪಿನ ತುಂಡು ಮೆಲ್ಲಗೆ ಅಂಟಿಸಿ ಕೀಳಿ, ಪ್ರತಿ ಸಲ ಹೊಸ ತುಂಡು, ನಾಲ್ಕೈದು ಸಲ. ನಂತರ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಒರೆಸದೆ ಒಣಗಲು ಬಿಡಿ. ತಣ್ಣೀರಿನ ಬಟ್ಟೆ, ಕ್ಯಾಲಮೈನ್ ಲೋಷನ್ ಉರಿ ತಗ್ಗಿಸುತ್ತವೆ. ತುರಿಕೆಯ ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ, ಮಕ್ಕಳಿಗಂತೂ ಕೇಳದೆ ಕೊಡಬೇಡಿ. ಕಣ್ಣಿಗೆ ಹೋದರೆ ಹದಿನೈದು ನಿಮಿಷ ನೀರು ಹಾಯಿಸಿ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಕೂದಲು ಕಣ್ಣಿನೊಳಗೆ ಸರಿಯುತ್ತಾ ಹೋಗಬಹುದು, ಯಂತ್ರದಲ್ಲಿ ನೋಡಿ ಹಿಡಿದು ತೆಗೆಯಬೇಕು, ಮನೆಮದ್ದಿಗೆ ಬಗ್ಗುವುದಿಲ್ಲ. ತುಟಿ ಊದಿದರೆ, ಉಸಿರಿಗೆ ತೊಂದರೆಯಾದರೆ ಟೇಪು ಹುಡುಕುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ.

ವಿಷದ ಮಾತು. ಸೊಪ್ಪು, ಹೂವು, ಕಾಯಿ ಮೂರನ್ನೂ ತಿನ್ನುವ ಮರಕ್ಕೆ ಕೀಟನಾಶಕ ಸುರಿದು, ಪಕ್ಕದ ಮನೆಯವರು ಒಂದು ಹಿಡಿ ಸೊಪ್ಪು ಕಿತ್ತುಕೊಂಡು ಹೋದರೆ ಯಾರು ಹೊಣೆ? ಹೊಡೆದರೂ ಆಗುವುದೇನು? ಸತ್ತ ಹುಳ ಅಂಗಳದ ತುಂಬ ಉದುರಿ ಒಣಗುತ್ತದೆ. ಮತ್ತೆ ಪೊರಕೆ, ಮತ್ತೆ ಅದೇ ಕಥೆ. ಹುಳ ಚಿಕ್ಕದಿದ್ದು ಎಲೆಯ ಮೇಲೆಲ್ಲ ಹರಡಿದ್ದರೆ ಬಿ.ಟಿ. ಎಂಬ ಸೂಕ್ಷ್ಮಾಣು ಕೀಟನಾಶಕ ಇದೆ, ಪ್ಯಾಕೆಟ್ ಮೇಲಿನ ಅಳತೆಯಂತೆ ಸಂಜೆ ಹೊಡೆಯಬೇಕು. ಹುಳ ಅದನ್ನು ತಿಂದರೇ ಕೆಲಸ, ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಆದರೆ ರಾಮನಗರ, ಕೋಲಾರದ ಕಡೆಯವರಾಗಿದ್ದು ಹತ್ತಿರ ಹಿಪ್ಪುನೇರಳೆ ಇದ್ದರೆ ಅದನ್ನೂ ಮುಟ್ಟಬೇಡಿ. ಕಂಬಳಿಹುಳವನ್ನು ಕೊಲ್ಲುವ ಬಿ.ಟಿ. ರೇಷ್ಮೆಹುಳವನ್ನೂ ಕೊಲ್ಲುತ್ತದೆ.

ಕಡಿಸುವುದಂತೂ ಕೇಳಲೇಬೇಡಿ. ಹುಳ ತುಂಬಿದ ಮರ ಉರುಳಿಸಿದರೆ ಕೂದಲು ಇಡೀ ಕೇರಿಗೆ ಹಂಚಿದಂತೆ. ನುಗ್ಗೆ ಎಲೆ ಪೂರ್ತಿ ಹೋದರೂ ಮತ್ತೆ ಚಿಗುರುತ್ತದೆ. ನಿಮ್ಮ ನಿಜವಾದ ತೊಂದರೆ ಮರ ಕೈಗೆಟುಕದಷ್ಟು ಎತ್ತರವಾಗಿರುವುದು. ಹುಳದ ಕಾಲ ಮುಗಿದು, ಕಾಯಿ ಕೊಯ್ದ ಮೇಲೆ, ಒಣ ದಿನದಲ್ಲಿ ನೆಲದಿಂದ ಮೂರು ಅಡಿಗೆ ಓರೆಯಾಗಿ ಕತ್ತರಿಸಿ. ಗಾಯಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರಿನ ಬೋರ್ಡೋ ಪೇಸ್ಟ್ ಬಳಿಯಿರಿ. ಬರುವ ಚಿಗುರುಗಳಲ್ಲಿ ನಾಲ್ಕೈದು ಗಟ್ಟಿಯಾದವನ್ನು ಬಿಟ್ಟು ಉಳಿದವನ್ನು ಚಿವುಟಿ. ಕಾಯಿಯೂ ಕೈಗೆ ಸಿಗುತ್ತದೆ, ಮೊಟ್ಟೆ ಇಟ್ಟ ಕಡ್ಡಿಯೂ ಕಣ್ಣಿಗೆ ಬೀಳುತ್ತದೆ. ಅಂಥ ಕಡ್ಡಿಯನ್ನು ಮುರಿದು ಸೋಪಿನ ನೀರಿಗೆ ಹಾಕಿದರೆ ಒಂದು ಗುಂಪು ಹುಟ್ಟುವ ಮೊದಲೇ ಮುಗಿಯಿತು.

ಬೇಸಿಗೆಯಲ್ಲಿ ಬುಡದ ತರಗು ಮತ್ತು ಮೇಲ್ಮಣ್ಣನ್ನು ನೀರು ಚಿಮುಕಿಸಿ, ಗ್ಲೌಸ್ ಹಾಕಿ, ಗುದ್ದಲಿಯಿಂದ ಮಗುಚಿ ಗೂಡು ಹೆಕ್ಕಿ ತೆಗೆಯಿರಿ. ಮೊದಲ ಮಳೆಗಳ ರಾತ್ರಿ ಮರದ ಹತ್ತಿರದ ದೀಪ ಆರಿಸಿ, ದೂರದಲ್ಲಿ ಒಂದು ಬಲ್ಬಿನ ಕೆಳಗೆ ಸೋಪಿನ ನೀರಿನ ಟಬ್ ಇಡಿ, ಪತಂಗಗಳು ಅದಕ್ಕೆ ಬೀಳುತ್ತವೆ. ಮಳೆಯ ಜೊತೆ ಬರುವ ಚಾತಕ ಪಕ್ಷಿ ಕಂಬಳಿಹುಳವನ್ನು ಆಸೆಯಿಂದ ತಿನ್ನುತ್ತದೆ, ವಿಷ ಹೊಡೆಯದಿರಲು ಅದೂ ಒಂದು ಕಾರಣ.

ನಿಮ್ಮ ಹುಳ ಬೆರಳುದ್ದ ಆಗಿದೆ ಎಂದಿದ್ದೀರಿ. ಹಾಗಾದರೆ ಗೂಡಿಗೆ ಇಳಿಯುವ ದಿನ ದೂರವಿಲ್ಲ, ಇಳಿದರೆ ಮಣ್ಣಿನಲ್ಲಿ ಹುಡುಕಬೇಕಾಗುತ್ತದೆ. ಇವತ್ತೇ ಸಂಜೆ ಸೋಪು, ರಬ್ಬರ್ ಗ್ಲೌಸ್ ತಂದಿಡಿ, ಬಟ್ಟೆ ಒಳಗೆ ಹಾಕಿ, ಪೊರಕೆಯನ್ನು ಹಿತ್ತಲಿಂದ ತೆಗೆದಿಡಿ. ನಾಳೆ ಬೆಳಿಗ್ಗೆ ಆರಕ್ಕೆ ಮರದ ಹತ್ತಿರ ಇರಿ, ಮಕ್ಕಳು ಏಳುವಷ್ಟರಲ್ಲಿ ಗುಂಡಿ ಮುಚ್ಚಿರುತ್ತೀರಿ.