ಪ್ರತಿಕ್ರಿಯೆ: ಪರ್ಲ್ ಸ್ಕ್ರಿಪ್ಟ್‌ಗೆ 500 ಎರರ್

ಕೋಲಾರ ಮಂಡಿಯ ಟೊಮೆಟೊ ದರ ತೋರಿಸುವ ನಿಮ್ಮ ಸ್ಕ್ರಿಪ್ಟ್ ಮನೆಯ ವಿಂಡೋಸ್‌ನಲ್ಲಿ ಓಡಿ, ಹೋಸ್ಟಿಂಗ್‌ನಲ್ಲಿ ಮಾತ್ರ 500 ಎರರ್ (ಸರ್ವರ್‌ನ ಒಳಗೇ ಏನೋ ತಪ್ಪಾಗಿದೆ ಎಂಬ ಸೂಚನೆ) ಕೊಡುತ್ತಿದ್ದರೆ ಬಹುಶಃ ಪರ್ಮಿಷನ್‌ನದೇ ತೊಂದರೆ, ಅಂದರೆ ಫೈಲನ್ನು ಯಾರು ಓದಬಹುದು, ತಿದ್ದಬಹುದು, ಓಡಿಸಬಹುದು ಎಂಬುದರದ್ದು. 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟಿದ್ದೀರಿ ಅಲ್ವಾ? ಜಾಸ್ತಿ ಕೊಟ್ಟರೆ ಓಡುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಆದರೆ ಸರ್ವರ್‌ನಲ್ಲಿ ಸುಎಕ್ಸೆಕ್ (ಸ್ಕ್ರಿಪ್ಟನ್ನು ಅದರ ಮಾಲೀಕರ ಹೆಸರಿನಲ್ಲೇ ಓಡಿಸುವ ವ್ಯವಸ್ಥೆ) ಇದ್ದರೆ, ಬೇರೆಯವರೂ ತಿದ್ದಬಹುದಾದ ಫೈಲನ್ನು ಅದು ಮುಟ್ಟುವುದೇ ಇಲ್ಲ. ಫೈಲಿಗೂ ಅದಿರುವ ಫೋಲ್ಡರಿಗೂ 755 ಮಾಡಿ; ಆಗ ತಿದ್ದುವ ಅನುಮತಿ ಮಾಲೀಕರಿಗೆ ಮಾತ್ರ ಇರುತ್ತದೆ.

ಆಗಲೂ ಆಗದಿದ್ದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎಡಿಟ್ ಮೆನುವಿನಲ್ಲಿ ಇಒಎಲ್ ಕನ್ವರ್ಷನ್‌ಗೆ (ಸಾಲಿನ ಕೊನೆಯ ಗುರುತು ಬದಲಿಸುವ ಆಯ್ಕೆ) ಹೋಗಿ ಯುನಿಕ್ಸ್ ಆರಿಸಿ, ಸೇವ್ ಮಾಡಿ, ಮತ್ತೆ ಅಪ್‌ಲೋಡ್ ಮಾಡಿ. ಪರ್ಲ್ ಎಲ್ಲಿದೆ ಅಂತ ಹೇಳುವ ಮೊದಲ ಸಾಲಿನ ಕೊನೆಗೆ ವಿಂಡೋಸ್‌ನ ಕಾಣದ ಅಕ್ಷರ ಉಳಿದರೆ ಸರ್ವರ್‌ಗೆ ಪರ್ಲ್ ಸಿಗುವುದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ದರದ ನನ್ನ ಪುಟ ಇದೊಂದರಿಂದಲೇ ಎರಡು ದಿನ ಸುಮ್ನೆ ನಿಂತಿತ್ತು.

ಎರಡರಲ್ಲಿ ಯಾವುದು ಅಂತ ಹೋಸ್ಟಿಂಗ್ ನಿಭಾಯಿಸುವ ಸಿಪ್ಯಾನೆಲ್‌ನ ಎರರ್ಸ್ ಪುಟ ನೋಡಿದರೆ ಗೊತ್ತಾಗುತ್ತದೆ. ಬಗೆಹರಿಯದಿದ್ದರೆ ಅಲ್ಲಿನ ಹೊಸ ಸಾಲನ್ನು ಹಾಗೇ ಇಲ್ಲಿ ಹಾಕಿ.