ನಗಲೇಬೇಕೆಂಬ ಹೊರೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶಿಡ್ಲಘಟ್ಟದ ಕಡೆಯ ಮಹಿಳೆ, ಐವತ್ತು ದಾಟಿದವರು. ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸದಲ್ಲಿದ್ದರು. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, 21 ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಕೀಮೋ ಹಾಕಿಸಿಕೊಳ್ಳುತ್ತಿದ್ದರು. ಮಗ ದಿನಾ ಬೆಳಿಗ್ಗೆ ಪಾರ್ಕಿನ ನಗೆಕೂಟಕ್ಕೆ (ಗುಂಪಾಗಿ ಬೇಕೆಂದೇ ಜೋರಾಗಿ ನಗುವ ಅಭ್ಯಾಸ) ಕರೆದೊಯ್ಯತೊಡಗಿದರು. ಕೆಲವೇ ದಿನಕ್ಕೆ ಅಮ್ಮ ಮನೆಯಲ್ಲಿ ಮಾತೇ ನಿಲ್ಲಿಸಿದರು.

ಮಗನನ್ನು ಹೊರಗೆ ಕೂರಿಸಿದ ಮೇಲೆ ಬಾಯಿಬಿಟ್ಟರು: "ನಕ್ರೆ ಗಡ್ಡೆ ಕರಗುತ್ತೆ ಅಂತಾರೆ. ನಂಗೆ ನಗೂನೇ ಬರಲ್ಲ. ಹಂಗಾದ್ರೆ ಕಾಯಿಲೆ ಜಾಸ್ತಿಯಾದ್ರೆ ನಂದೇ ತಪ್ಪು ಅಲ್ವಾ?" ಜೋರಾಗಿ ನಕ್ಕಾಗ ಸೀರೆ ಒದ್ದೆಯಾಗುತ್ತಿದ್ದುದನ್ನು ಹೇಳಲು ಇನ್ನೂ ಹೊತ್ತು ಹಿಡಿಯಿತು.

ಮೊದಲು ಇಳಿಸಬೇಕಿದ್ದದ್ದು ಈ ಹೊರೆಯನ್ನು. ನಗು ಗಡ್ಡೆ ಕರಗಿಸುವುದಿಲ್ಲ. ನಗದಿದ್ದರೆ ಗಡ್ಡೆ ಬೆಳೆಯುವುದೂ ಇಲ್ಲ. ಬಿಗಿದ ಮೈ ಸಡಿಲವಾಗಬಹುದು, ಆತಂಕ ಸ್ವಲ್ಪ ಇಳಿಯಬಹುದು. ಹತ್ತು ನಿಮಿಷ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಎಂದು ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಬರೆದದ್ದು ತಮಗಿದ್ದ ಬೆನ್ನುಮೂಳೆಯ ಕೀಲುರೋಗದ ಬಗ್ಗೆ. ಅದನ್ನು ಕ್ಯಾನ್ಸರ್‌ಗೆ ಅಂಟಿಸುವವರೇ ಹೆಚ್ಚು. ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ನಗೆಕೂಟವೂ ಪಾರ್ಕಿಗೆ ವಾಕಿಂಗ್ ಬರುವವರದು. ಕೀಮೋದಲ್ಲಿರುವವರಿಗೆ ಅದನ್ನು ಇದ್ದಂತೆಯೇ ಮಾಡಿಸಬಾರದು.

ಇವರಿಗೆ ಹೇಳಿಕೊಟ್ಟದ್ದು ಮನೆಯಲ್ಲೇ ಮಾಡುವ ಕ್ರಮ, ಅದೂ ಆಪರೇಷನ್ ಮಾಡಿದ ವೈದ್ಯರು ಒಪ್ಪಿದ ಮೇಲೆ. ಊಟವಾಗಿ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿಬಂದು, ಪಾದ ನೆಲಕ್ಕೂರಿ ಕುರ್ಚಿಯಲ್ಲಿ ಕೂರಬೇಕು. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವುದು, ಐದು ಸಲ. ಆಮೇಲೆ ಮೆಲುದನಿಯಲ್ಲಿ "ಹೊ ಹೊ, ಹಾ ಹಾ ಹಾ", ಹತ್ತು ಸೆಕೆಂಡು. ಮತ್ತೆ ಎರಡು ಉಸಿರು. ಇದನ್ನೇ ಮತ್ತೆ ಮತ್ತೆ ಮಾಡಿ, ಎಲ್ಲ ಸೇರಿ 5 ನಿಮಿಷ ಸಾಕು. ಚಪ್ಪಾಳೆ ಎದೆಮಟ್ಟದಲ್ಲೇ ಇರಲಿ, ಆಪರೇಷನ್ ಆದ ಕಡೆಯ ಕೈ ಮೇಲೆತ್ತುವುದು ಬೇಡ. ಬಾಯಿ ಹುಣ್ಣಾದ ದಿನಗಳಲ್ಲಿ ತುಟಿ ಮುಚ್ಚಿ 'ಹ್ಞೂಂ' ಎಂದು ಗುನುಗಿದರೂ ಆದೀತು. ಮೂತ್ರ ಸೋರುವುದಕ್ಕೆ ಬೇರೆಯೇ ಅಭ್ಯಾಸ: ಮೂತ್ರ ತಡೆಯುವ ಸ್ನಾಯುವನ್ನು ಐದು ಎಣಿಸುವಷ್ಟು ಬಿಗಿಹಿಡಿದು ಬಿಡುವುದು, ಹೊತ್ತಿಗೆ 10 ಸಲ, ದಿನಕ್ಕೆ ಮೂರು ಹೊತ್ತು.

ತಲೆಸುತ್ತು, ಎದೆನೋವು, ನಿಲ್ಲದ ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಹರ್ನಿಯಾ, ಹತೋಟಿಗೆ ಬಾರದ ಬಿಪಿ, ಮೂಳೆಗೆ ಹರಡಿದ ಕ್ಯಾನ್ಸರ್, ತೀರ ಇಳಿದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇದ್ದವರಿಗೆ ಜೋರುನಗೆ ಬೇಡ.

ಮಗನಿಗೆ ಹೇಳಿದ್ದು: ಹಾಸ್ಯದ ವಿಡಿಯೊ ಕಳಿಸುವುದನ್ನು ನಿಲ್ಲಿಸಿ. ಅಮ್ಮ ಅತ್ತಾಗ "ನಗಮ್ಮ" ಅನ್ನಬೇಡಿ, ಪಕ್ಕದಲ್ಲಿ ಕೂತಿರಿ. ಜೊತೆಗೆ ನೂಲು ಬಿಚ್ಚುತ್ತಿದ್ದ ಗೆಳತಿಯ ಜೊತೆ ಮಧ್ಯಾಹ್ನ ಫೋನಿನಲ್ಲಿ ಮಾತಾಡಲು ಬಿಡಿ. ಅಮ್ಮನಿಗೆ ತಾನಾಗಿ ನಗು ಬರುತ್ತಿದ್ದದ್ದು ಅಲ್ಲಿ ಮಾತ್ರ ಎಂದು ವಿಚಾರಿಸಿದಾಗಲೇ ಗೊತ್ತಾಗಿತ್ತು.

ಮುಂದಿನ ಭೇಟಿಗಳಲ್ಲಿ ಮಾತು ಮರಳಿತು, ಅಳುವೂ. ಪಾರ್ಕಿಗೆ ಯಾವಾಗ ಹೋಗಬಹುದು ಎಂದು ಮಗ ಕೇಳಿದರು. ಕೀಮೋ ಆಗಿ 7ರಿಂದ 14ನೇ ದಿನದ ಸುಮಾರಿಗೆ ಬಿಳಿ ರಕ್ತಕಣ ತೀರ ಇಳಿದಿರುತ್ತದೆ, ಸೋಂಕು ಬೇಗ ತಗಲುತ್ತದೆ, ಆಗ ಗುಂಪಿಗೆ ಹೋಗುವಂತಿಲ್ಲ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಕೀಮೋ ಎಲ್ಲ ಮುಗಿದು ರಕ್ತಪರೀಕ್ಷೆ ಸರಿಬಂದ ಮೇಲೆ, ಅಮ್ಮನಿಗೇ ಹೋಗಬೇಕೆನಿಸಿದರೆ ಹೋಗಲಿ ಎಂದೆವು.